ತಲವಾರಕ್ಕ ಲಿಂಬಿಹಣ್ಣು

ತಲವಾರ ಒರಸೂದೇನು ದೊಡ್ಡ ಕೆಲಸ ಅಂತ ನನ್ನ ಕೇಳಬ್ಯಾಡ್ರಿ. ನಾ ಒರಸಿ ನೋಡೇನಿ.

ಗೋವಾದ ವಾಸ್ಕೋದಾಗ ಕಾರವಾರ ಕಡಿಯವರೊಬ್ರು ಹಡಗಿನ ಕಪ್ತಾನ ಆಗಿ ರಿಟೈರಾಗಿದ್ರು. ಅವರ ಬಂಗ್ಲೇದ ಸಣ್ಣಪುಟ್ಟ ರಿಪೇರಿ ನಂದ. ದಸರಾದ ಖಂಡೆ ಪೂಜಿ ದಿನ ಗ್ವಾಡಿ ಮ್ಯಾಲಿನ ತಲವಾರ ಇಳಿಸಿ ಕೊಟ್ಟು, "ಎಣ್ಣೆ ಹಚ್ಚಿ, ಪೂಜೆ ಮಾಡಿಡು" ಅಂದು ಪಣಜಿಗೆ ಹೋದ್ರು. ನೋಡಿದ್ರ ಅಲಗಿನ ತುಂಬ ನೀರಿನ ತೆರಿ ಹಂಗ ಕರೀ ಗೆರಿ. ಬಂದರದಾಗ ಇಪ್ಪತ್ತು ವರ್ಷ ಹಡಗಿನ ಜಂಗು-ತುಕ್ಕು ತಿಕ್ಕಿದ ಕೈ ಸುಮ್ನ ಇರತೈತೇನ್ರಿ? ಪಾಲಿಶ್ ಕಾಗದ ತಗೊಂಡು ತಿಕ್ಕೇ ತಿಕ್ಕಿದೆ. ಊಟದ ತಾಟಿನಂಗ ಹೊಳೀತು.

ಸಾಹೇಬ್ರು ಬಂದು ನೋಡಿ, ಮೆಲ್ಲಕ ಕುರ್ಚಿ ಮ್ಯಾಲ ಕುಂತ್ರು.

"ಎರಡು ಥರದ ಉಕ್ಕು ಮಡಚಿ ಬಡಿದಾಗ ಬರೋ ಗೆರೆ ಮಾರಾಯ ಅದು. ಆ ಗೆರೆ ನೋಡೇ ತಗೊಂಡಿದ್ದೆ. ನಾಳೆಯಿಂದ ನೀ ಬರೋದು ಬೇಡ."

ಕೆಲಸ ಹೋತು, ಪೂಜಿಯರ ಮುಗಿಸೂಣು ಅಂತ ಲಿಂಬಿಹಣ್ಣು ಹೆಚ್ಚಿ, ತಪ್ಪಾತು ಅಂತ ಬೇಡಕೋತ ಅಲಗಿಗೆಲ್ಲ ಸವರಿದೆ. ನನ್ನ ಸಾಮಾನು ಚೀಲಕ್ಕ ತುಂಬೂದ್ರಾಗ ಆ ಗೆರಿ ಒಂದೊಂದ ಮ್ಯಾಲ ಏಳಾಕತ್ತಿದ್ವು.

"ಇದು ನಿಂಗೆ ಗೊತ್ತಿತ್ತಾ?" ಅಂದ್ರು ಸಾಹೇಬ್ರು.

"ಹೌದ್ರಿ. ಮೊದಲ ತಿಕ್ಕಬೇಕು, ಆಮ್ಯಾಲ ಲಿಂಬಿಹಣ್ಣು," ಅಂದೆ.

ಅವರು ಅಲಗು ತೊಳಿಸಿ, ಎಣ್ಣಿ ಹಚ್ಚಿಸಿ, ಕೈಯಾಗ ಒಂದು ಪೊಟ್ಣ ಗೋಡಂಬಿ ಇಟ್ರು. ನಾಳೆನೂ ಬಾ ಅಂದ್ರು.

ಮನ್ಯಾಗ ಹೆಂಡತಿ ಗೋಡಂಬಿ ತಿನಕೋತ ಎಲ್ಲಾ ಕೇಳಿದ್ಲು.

"ಲಿಂಬಿಹಣ್ಣು ಹೆಚ್ಚಿ ಈಳಗಿ ಒರಸದ ಇಡಬ್ಯಾಡ್ರಿ, ಕರ್ರಗ ಆಕ್ಕೈತಿ ಅಂತ ಲಗ್ನ ಆದಾಗಿಂದ ಬಡಕೊಳ್ಳಾಕತ್ತೇನಿ. ಅದಕ್ಕ ಇನಾಮು ಕೊಡೂ ಮಂದಿನೂ ಅದಾರಂತ ಇವತ್ತ ಗೊತ್ತಾತು."