ಬೀಗವಿಲ್ಲದ ಮನೆಯ ಫೋಲ್ಡರ್

ನನ್ನ ಮಾವನವರಿಗೆ ಬೀಗ ಕಂಡರೆ ಆಗುತ್ತಿರಲಿಲ್ಲ. ಜೆ.ಪಿ. ನಗರದ ಆ ಎರಡಂತಸ್ತಿನ ಮನೆಯಲ್ಲಿ ಬೀದಿ ಬಾಗಿಲೊಂದನ್ನು ಬಿಟ್ಟರೆ ಹಗಲು ಹೊತ್ತು ಯಾವ ಬಾಗಿಲಿಗೂ ಚಿಲಕ ಹಾಕುವಂತಿರಲಿಲ್ಲ. ನನ್ನ ಬೀರುವಿನ ಕೀಲಿ ಕೂಡ ದೇವರಮನೆಯ ಮೊಳೆಗೆ ನೇತಾಡುತ್ತಿತ್ತು. "ಮನೆಯವ್ರ ಹತ್ರ ಏನಮ್ಮ ಬಚ್ಚಿಡೋದು?" ಎನ್ನುತ್ತಿದ್ದರು. ಇದನ್ನವರು ಔದಾರ್ಯ ಎಂದುಕೊಂಡಿದ್ದರು. ಎಲ್ಲರ ಸಾಮಾನಿನಲ್ಲೂ ಕೈಯಾಡಿಸುವ ಚಟಕ್ಕೆ ಅದೊಂದು ಮರ್ಯಾದಸ್ಥ ಹೆಸರು, ಅಷ್ಟೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಜಯನಗರದ ಒಂದು ಪ್ರೆಸ್ಸಿಗೆ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದಿಕೊಡುತ್ತಿದ್ದೆ. ಇಂಟರ್ನೆಟ್ ಇದ್ದ ಕಂಪ್ಯೂಟರು ಕೆಳಗೆ ಹಾಲಿನಲ್ಲಿ, ಟೀವಿಯ ಪಕ್ಕ. ಒಂದು ಪುಟ ಮುಗಿಯುವಷ್ಟರಲ್ಲಿ ಯಾರಾದರೂ ಬಂದಿರುತ್ತಿದ್ದರು, ನಾನು ಕಾಫಿಗೆ ಎದ್ದಿರುತ್ತಿದ್ದೆ. ನಾನು ಎದ್ದ ಕುರ್ಚಿಯಲ್ಲಿ ಮಾವನವರು ಕೂರುತ್ತಿದ್ದರು.

ಹಾಗೆ ಕೂತ ಒಂದು ದಿನ, ಸಕ್ಕರೆ ಕಾಯಿಲೆಯವರ ಪಥ್ಯದ ಪುಸ್ತಕವನ್ನು ಅವರೇ ತಿದ್ದಿಬಿಟ್ಟರು. ಅವರಿಗೂ ಆ ಕಾಯಿಲೆಯಿತ್ತು. ವೈದ್ಯರು ಮಾವಿನಹಣ್ಣು ಬೇಡವೇ ಬೇಡ ಎಂದು ಬರೆದಿದ್ದರೆ, ಇವರು ಊಟವಾದ ಮೇಲೆ ಒಂದೆರಡು ತಿಂದರೆ ಅಡ್ಡಿಯಿಲ್ಲ ಎಂದು ಮಾಡಿಟ್ಟಿದ್ದರು. ಅಚ್ಚಿಗೆ ಹೋಗುವ ಮುಂಚೆ ಪ್ರೆಸ್ಸಿನವರ ಕಣ್ಣಿಗೆ ಬಿತ್ತು, ಸದ್ಯ. "ಮೇಡಂ, ಇನ್ನೊಂದ್ಸಲ ಹಿಂಗಾದ್ರೆ ನಿಮ್ಗೆ ಕೆಲ್ಸ ಕೊಡಕ್ಕಾಗಲ್ಲ," ಎಂದರು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಕೆಲಸವೊಂದೇ. ನನಗೆ ಮೈಯೆಲ್ಲ ಉರಿಯಿತು. ಮಾವನವರು ಮಾತ್ರ, "ಅವ್ನು ಬರ್ದಿದ್ದು ತೀರಾ ಕಠೋರವಾಗಿತ್ತಮ್ಮ," ಎಂದು ಪೇಪರು ಬಿಡಿಸಿದರು.

ನನ್ನವರ ಹಳೆಯ ಕಂಪ್ಯೂಟರೊಂದು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಮಹಡಿಯ ಕೋಣೆಯಲ್ಲಿ ಇಟ್ಟುಕೊಂಡೆ. ಪ್ರೆಸ್ಸಿನ ಪುಟಗಳು ಇಮೇಲಿನಲ್ಲಿ ಬಂದು ಕೆಳಗಿನ ಕಂಪ್ಯೂಟರಿನ ಫೋಲ್ಡರಿನಲ್ಲಿ ಇರಲಿ, ನಾನು ಮಹಡಿಯಲ್ಲಿ ಕೂತೇ ಅದನ್ನು ತೆರೆದು ತಿದ್ದುವಂತಾಗಲಿ ಎಂಬುದು ನನ್ನ ಲೆಕ್ಕ. ಎಂಜಿನಿಯರನಾಗಿದ್ದ ಮೈದುನ ಕಿಟಕಿಯಿಂದ ಕಿಟಕಿಗೆ ನೀಲಿ ಕೇಬಲ್ ಎಳೆದ. ಮಹಡಿಯಿಂದ ಫೋಲ್ಡರ್ ಒತ್ತಿದರೆ ಪರದೆಯ ನಡುವೆ ಒಂದು ಡಬ್ಬಿ, ಅದರೊಳಗೆ ನಾಲ್ಕಾರು ಸಾಲು ಇಂಗ್ಲಿಷು. ಫೋಲ್ಡರ್ ಮಾತ್ರ ತೆರೆಯಲೊಲ್ಲದು.

ಆ ಡಬ್ಬಿ ಪೂರ್ತಿ ಮೂಡುವ ಮೊದಲೇ ಮೈದುನ ಓಕೆ ಒತ್ತಿ ಅದನ್ನು ಓಡಿಸಿಬಿಡುತ್ತಿದ್ದ. "ಫೈರ್‌ವಾಲ್ ಪ್ರಾಬ್ಲಂ ಅತ್ತಿಗೆ," ಎಂದ. ಹೊರಗಿನವರನ್ನು ತಡೆಯುವ ಆ ಕಾವಲನ್ನೂ ಆರಿಸಿದ್ದಾಯಿತು. ಮತ್ತೆ ಅದೇ ಡಬ್ಬಿ, ಮತ್ತೆ ಓಕೆ. ಕೇಬಲ್ ಸರಿಯಿಲ್ಲ ಎಂದ, ಹೊಸದು ತಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಡೆಗೆ ವಿಂಡೋಸನ್ನೇ ಅಳಿಸಿ ಮತ್ತೆ ಹಾಕಿದ. ಅವನ ಭಾನುವಾರಗಳ ಜೊತೆ ನನ್ನವೂ ಹಾಳಾದವು. "ನೆಟ್‌ವರ್ಕಿಂಗ್ ಅಂದ್ರೆ ಹಂಗೇ, ನಿಮ್ಗೆ ಅರ್ಥ ಆಗಲ್ಲ ಬಿಡಿ," ಎಂದು ನನಗೇ ಸಮಾಧಾನ ಹೇಳಿ ಬಜ್ಜಿ ತಿನ್ನಲು ಕೆಳಗೆ ಹೋದ.

ಆಗ ನಾನೊಬ್ಬಳೇ ಕೂತು ಆ ಡಬ್ಬಿಯನ್ನು ಓದಿದೆ. ಕೈಗೆ ಬಂದದ್ದನ್ನು ಕೊನೆಯ ಚುಕ್ಕಿಯವರೆಗೂ ಓದುವುದು ನನ್ನ ಕಸುಬು. ಅದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಕಾರಣ ಇದಿರಬಹುದು ಎಂದು ಮೊದಲು ಬರೆದದ್ದೇ ಪಾಸ್‌ವರ್ಡ್ ಖಾಲಿ ಇದೆ, ಅದಕ್ಕೆ ಅನುಮತಿಯಿಲ್ಲ ಎಂದು. ಪಾಸ್‌ವರ್ಡ್ ಎಲ್ಲಿಂದ ಬರಬೇಕು? ಕಂಪ್ಯೂಟರು ಮನೆಗೆ ಬಂದ ದಿನವೇ, ಆರತಿ ಎತ್ತುವ ಮೊದಲೇ, ಮಾವನವರು ಪಾಸ್‌ವರ್ಡನ್ನು ನಿಷೇಧಿಸಿದ್ದರು. ಬೀಗವಿಲ್ಲ ಎನ್ನುವ ಕಾರಣಕ್ಕೇ ಬಾಗಿಲು ತೆರೆಯುತ್ತಿರಲಿಲ್ಲ. ಇಂಥ ಮನೆತನಕ್ಕೆ ಇಂಥದೇ ಮಂಗಳಾರತಿ ಆಗಬೇಕು ಎಂದು ಒಬ್ಬಳೇ ನಕ್ಕೆ.

ಎಲ್ಲರೂ ಮಲಗಿದ್ದ ಒಂದು ಮಧ್ಯಾಹ್ನ ಕೆಳಗಿನ ಕಂಪ್ಯೂಟರಿನಲ್ಲಿ ನನ್ನ ಹೆಸರಿನದೇ ಒಂದು ಖಾತೆ ಮಾಡಿದೆ. ಅದಕ್ಕೆ ಪಾಸ್‌ವರ್ಡ್ ಹಾಕಿದೆ. ಫೋಲ್ಡರನ್ನು ಆ ಖಾತೆಗೆ ಮಾತ್ರ ತೆರೆಯುವಂತೆ ಮಾಡಿ ಮಹಡಿಗೆ ಹೋಗಿ ಒತ್ತಿದೆ. ತೆರೆಯಿತು.

ಸಂಜೆ ಮಾವನವರು ಕೆಳಗಿನಿಂದ ಕೂಗಿದರು. "ಇದೇನಮ್ಮ, ನನ್ ಹೆಸ್ರಿನ ಕೆಳಗೆ ನಿನ್ ಹೆಸ್ರು ಬಂದಿದೆ? ಒತ್ತಿದ್ರೆ ಪಾಸ್‌ವರ್ಡ್ ಕೇಳ್ತಿದೆ."

"ಹೌದು ಮಾವ, ಕೇಳುತ್ತೆ," ಎನ್ನುತ್ತಾ ಕೆಳಗಿಳಿದು ಬಂದೆ.

"ಏನದು, ಹೇಳು."

"ಹೇಳಲ್ಲ ಮಾವ."

ಮದುವೆಯಾಗಿ ಬಂದಂದಿನಿಂದ ಅವರೆದುರು ನಾನು ಇಲ್ಲ ಎಂದದ್ದು ಅದೇ ಮೊದಲು. ಮೈದುನ ಬಜ್ಜಿ ಅಗಿಯುವುದನ್ನು ನಿಲ್ಲಿಸಿದ. ಮಾವನವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಕಾಫಿ ಕೇಳಿದರು. ಮಾಡಿ ಕೊಟ್ಟೆ. ಆಮೇಲೆ ಮಹಡಿ ಹತ್ತಿ, ಕೋಣೆಯ ಚಿಲಕ ಹಾಕಿಕೊಂಡು, ಪ್ರೆಸ್ಸಿನವರು ಮತ್ತೆ ನೋಡಲು ಕಳಿಸಿದ್ದ ಮಾವಿನಹಣ್ಣಿನ ಪುಟ ತೆರೆದೆ.