ಬೇವಿನ ಬುಡದ ಅಣಬೆ

"ರದ್ದೀ… ಭಂಗಾರ್…" ಮಳೆ ನಿಂತ ಓಣಿಯಲ್ಲಿ ಹಳೆ ಸಾಮಾನಿನ ಗಾಡಿಯವನ ಕೂಗು ದೂರವಾಗುತ್ತಿದ್ದಾಗ ಕಲ್ಲವ್ವ ಹಿತ್ತಲಿನ ಬಾಗಿಲು ತೆರೆದಳು. ಕಡಿಸಿದ ಬೇವಿನ ಬುಡದ ಸುತ್ತ ಬಿಳಿ ಅಣಬೆಗಳು ಎದ್ದಿದ್ದವು. ನಿನ್ನೆ ಇರಲಿಲ್ಲ.

ಕಿತ್ತೂರಿನ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವಳು ಅವಳು. ಗಂಡ ಈರಣ್ಣ ಅರಿವೆ ಅಂಗಡಿಯ ಗುಮಾಸ್ತ. ಬಿಬವೇವಾಡಿಯ ಆ ಓಣಿಯಲ್ಲಿ ಗುರುತು ಸಿಗದ ಸೊಪ್ಪೆಲ್ಲ ಅವಳ ಕೈಗೆ ಬರುತ್ತಿತ್ತು. ತಿಕ್ಕಿ, ಮೂಸಿ, ಹೆಸರು ಹೇಳುವಳು. ಅಣಬೆ ತಂದರೆ ಮಾತ್ರ ಕೈ ಹಿಂದೆ ಕಟ್ಟಿಕೊಳ್ಳುವಳು.

ಇಂದೂ ಎಂಬ ಅವಳ ತಂಗಿ ಚಿಕ್ಕಂದಿನಲ್ಲಿ ಅಣಬೆ ತಿಂದೇ ತೀರಿಕೊಂಡಿದ್ದಳು. ಊರ ಪದ್ಧತಿಯಂತೆ ಅವ್ವ ಕುದಿಯುವ ಗಡಿಗೆಗೆ ಬೆಳ್ಳಿಯ ಕಾಲುಂಗುರ ಹಾಕಿದ್ದಳು. ಕಪ್ಪಾದರೆ ವಿಷ. ಕಪ್ಪಾಗಲಿಲ್ಲ. ಅಂದು ಅವ್ವನಿಗೆ ಉಪವಾಸ, ಕಲ್ಲವ್ವನಿಗೆ ಜ್ವರ. ಇಂದೂ ಒಬ್ಬಳೇ ಉಂಡಳು. ರಾತ್ರಿಯೆಲ್ಲ ವಾಂತಿ. ಮರುದಿನ ಎದ್ದು ಕೂತು, "ಅಕ್ಕಾ, ಹಸಿವಾಗೇದ" ಎಂದು ನಕ್ಕಳು. ಬದುಕಿದಳೆಂದು ಎಲ್ಲರೂ ಉಸಿರು ಬಿಟ್ಟರು. ಆಮೇಲೆ ಅವಳ ಕಣ್ಣು ಹಳದಿಯಾಯಿತು. ಪ್ರತಿ ಮಳೆಗಾಲ ಆ ದನಿ ಹಿತ್ತಲಿನವರೆಗೂ ಬರುತ್ತಿತ್ತು: ಹಸಿವಾಗೇದ.

ಕಲ್ಲವ್ವ ಕೂತು, ಕಡ್ಡಿಯಿಂದ ಒಂದನ್ನು ಬುಡಸಮೇತ ಎಬ್ಬಿಸಿದಳು. ಕೊಡೆಯ ಕೆಳಗೆ ಬಿಳಿ ಪದರು, ದಂಟಿಗೆ ತೆಳು ಪೊರೆ, ಮಣ್ಣೊಳಗೆ ಒಡೆದ ಮೊಟ್ಟೆಯಂಥ ಚೀಲ. ಇದು ಅದೇನಾ? ಅವತ್ತು ಬುಡವನ್ನು ಯಾರೂ ನೋಡಿರಲಿಲ್ಲ. ಎಲ್ಲ ಮೇಲಿನಿಂದ ಕೊಯ್ದು ತಂದದ್ದು.

ಆಗ ಕಂಡಿತು. ಇಲ್ಲಿಯೂ ಕೆಲವು ದಂಟುಗಳ ಮೇಲೆ ಕೊಡೆ ಇರಲಿಲ್ಲ. ಕೊಯ್ದ ಜಾಗ ಇನ್ನೂ ಹಸಿ.

"ಕಳ್ಳಿ ನಾನಽ ರೀ ಕಲ್ಲಕ್ಕಾ!" ಮೋಟುಗೋಡೆಯ ಆಚೆ ನೆರೆಮನೆಯ ಸುಲಭಾ ನಕ್ಕಳು. ನಿಪ್ಪಾಣಿಯವಳು, ಬಂದು ಎರಡು ತಿಂಗಳಾಗಿರಲಿಲ್ಲ. "ನೀವು ಪೂಜಿಗೆ ಕೂತಿದ್ರಿ, ಕೇಳಲಿಲ್ಲ. ಸಿಟ್ಟಾದ್ರೇನು?"

"ತಿಂದಿಯೇನ?"

"ಇಲ್ರೀ, ಗ್ಯಾಸಿನ ಮ್ಯಾಲ ಅದ. ನಮ್ಮ ಶಿವಾನಿ ತಾಟ ಹಿಡಕೊಂಡು ಅಲ್ಲೇ ನಿಂತಾಳ, ಭಾಳ ಹಾವರಿ, ತಿನ್ನೂದಂದ್ರ ತಡಿಯೂದಿಲ್ಲ ಹುಡುಗಿ."

"ಇಳಸು ಅದನ್ನ."

"ಹೆದರಬ್ಯಾಡ್ರಿ, ನಾನೇನ್ ದಡ್ಡಿ ಅಲ್ಲ. ಬೆಳ್ಳಿ ನಾಣ್ಯ ಹಾಕೀನಿ, ಥಳಥಳ ಅಂತದ. ನಿಮಗೂ ಒಂದ್ ವಾಟಿ ಕೊಡತೀನಿ, ಈರಣ್ಣಾರು ಬಂದ ಮ್ಯಾಲೆ ಬಿಸಿ ಭಕ್ಕರಿ ಜೋಡಿ—"

ಕಲ್ಲವ್ವ ಮಣ್ಣುಗೈಯಲ್ಲೇ ಗೋಡೆ ದಾಟಿ, ಸುಲಭಾಳ ಪಕ್ಕದಿಂದಲೇ ಅವಳ ಅಡುಗೆಮನೆಯ ಕಡೆ ನಡೆದಳು.

"ಅಯ್ಯ, ತಡೀರಿ, ಇನ್ನೂ ಉಪ್ಪಽ ಹಾಕಿಲ್ರೀ," ಎಂದು ಸುಲಭಾ ಹಿಂದಿನಿಂದ ಹೇಳುತ್ತಲೇ ಇದ್ದಳು.