ಟೀವಿ ಮುಂದೆ ಮೀನಿಲ್ಲ

ಬಂಗಡೆ ಹುರಿಯುವ ವಾಸನೆ ಬಂದರೆ ನನಗೆ ಟೀವಿ ನೆನಪಾಗುತ್ತದೆ. ನಗಬೇಡಿ, ಕಾರಣ ಇದೆ. ಮೊದಲು ಇವತ್ತಿನ ಸುದ್ದಿ ಹೇಳಿಬಿಡುತ್ತೇನೆ. ಭಟ್ಕಳದಿಂದ ಮಗಳು ಬಂದಿದ್ದಾಳೆ, ಜೊತೆಗೆ ಆರು ವರ್ಷದ ಮೊಮ್ಮಗಳು ಪುಟ್ಟಿ. ಮಗಳು ಒಲೆಯ ಮುಂದೆ, ಪುಟ್ಟಿ ಮೊಬೈಲಿನ ಮುಂದೆ. ಅದರಲ್ಲೊಂದು ಕರಡಿ ಕುಣಿಯಲು ಕಾಲೆತ್ತಿತು. ಕಾಲು ಇಳಿಸುವುದರೊಳಗೆ ಇವಳು ಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳಿ ಇನ್ನೇನೋ ತಂದಾಗಿತ್ತು. ಆ ಕರಡಿ ಕುಣಿಯಿತೋ ಬಿತ್ತೋ ಎಂದು ನಾನೊಬ್ಬ ಚಿಂತೆ ಮಾಡುತ್ತ ಕೂತೆ.

ನಾನು ಬೆಳೆದದ್ದು ಇದೇ ಹೊನ್ನಾವರದ ಕಡಲ ದಂಡೆಯ ಕೇರಿಯಲ್ಲಿ. ಆಗ ಟೀವಿ ಇದ್ದದ್ದು ದೊಡ್ಡಮ್ಮನ ಮನೆಯಲ್ಲಿ ಮಾತ್ರ. ದೊಡ್ಡಮ್ಮ ಮೀನು ಮಾರುವವಳು. ಬುಟ್ಟಿ ಹೊತ್ತು ಹೊತ್ತು ಗಟ್ಟಿಯಾದ ಕುತ್ತಿಗೆ, ಅದಕ್ಕಿಂತ ಗಟ್ಟಿ ಸ್ವರ. ಭಾನುವಾರ ಬೆಳಿಗ್ಗೆ ಮಕ್ಕಳ ಕಾರ್ಯಕ್ರಮಕ್ಕೆ ಕೇರಿಯ ಮಕ್ಕಳೆಲ್ಲ ಅವಳ ಮನೆಯಲ್ಲಿ ಹಾಜರು. ಹಿಂದಿ ನಮಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧ ನಾವೇ ಕಟ್ಟಿಕೊಳ್ಳುತ್ತಿದ್ದೆವು. ನಡುವೆ ಕರೆಂಟು ಹೋದರೂ ಯಾರೂ ಏಳುತ್ತಿರಲಿಲ್ಲ. ಕಪ್ಪು ಗಾಜಿನಲ್ಲಿ ನಮ್ಮ ಮುಖಗಳನ್ನೇ ನೋಡುತ್ತ, ಈಗ ಬರುತ್ತದೆ, ಇನ್ನೇನು ಬಂತು ಎಂದು ಕೂತಿರುತ್ತಿದ್ದೆವು. ಬರದೇ ಹೋದರೆ, ಬಾವಿಗೆ ಬಿದ್ದ ರಾಜಕುಮಾರ ಹೇಗೆ ಮೇಲೆ ಬಂದ ಎಂಬ ಜಗಳ ಮುಂದಿನ ಭಾನುವಾರದ ತನಕ ಶಾಲೆಯ ದಾರಿಯುದ್ದಕ್ಕೂ ನಡೆಯುತ್ತಿತ್ತು. ಒಬ್ಬ ಅವನನ್ನು ಆಮೆಯ ಬೆನ್ನ ಮೇಲೆ ತಂದರೆ, ನಾನು ದೋಣಿಯ ಹಗ್ಗ ಇಳಿಬಿಡುತ್ತಿದ್ದೆ. ಆ ಉದ್ದನೆಯ ವಾರಗಳು ಈಗ ಎಲ್ಲಿ ಸಿಗುತ್ತವೆ ಹೇಳಿ.

ಅದೇ ಹೊತ್ತಿಗೆ ಒಳಗೆ ದೊಡ್ಡಮ್ಮ ಗಂಜಿಗೆಂದು ಬಂಗಡೆ ಹುರಿಯುತ್ತಿದ್ದಳು. ವಾಸನೆ ಬರುತ್ತಿತ್ತು, ಮೀನು ಬರುತ್ತಿರಲಿಲ್ಲ. ಟೀವಿ ಮುಗಿಯದೆ ತಟ್ಟೆ ಇಲ್ಲ ಎಂಬುದು ಅವಳ ಕಾನೂನು.

“ಟೀವಿ ನೋಡೂದಾದ್ರೆ ಟೀವಿ ನೋಡಿ. ಮೀನು ತಿಂಬೂದಾದ್ರೆ ಮೀನನ್ನೇ ನೋಡಿ. ಮುಳ್ಳು ಗಂಟಲಿಗೆ ಸಿಕ್ರೆ ನಿಮ್ಮ ಟೀವಿ ಬಂದು ತೆಗೀತದಾ?”

ಆ ಪೆಟ್ಟಿಗೆ ಮಕ್ಕಳನ್ನು ಕೆಡಿಸುತ್ತದೆ ಎಂದು ನಮ್ಮಪ್ಪನೂ ಗೊಣಗುತ್ತಿದ್ದ. ಕೆಟ್ಟೆನೋ ಇಲ್ಲವೋ, ನನ್ನ ಹೆಂಡತಿಯನ್ನು ಕೇಳಬೇಡಿ. ದೊಡ್ಡಮ್ಮ ಹೋಗಿ ಬಹಳ ಕಾಲವಾಯಿತು. ಆ ಟೀವಿ ನನಗೆ ಬೇಡ, ಅವಳ ಸ್ವರ ಒಮ್ಮೆ ಕೇಳಬೇಕು ಅನ್ನಿಸುತ್ತದೆ.

ಪುಟ್ಟಿಗೆ ಇವತ್ತಿನ ತನಕ ಮುಳ್ಳು ಬಿಡಿಸಿ ಗೊತ್ತಿಲ್ಲ. ಅವಳು ಮೊಬೈಲು ನೋಡುತ್ತ ಬಾಯಿ ತೆರೆಯುತ್ತಾಳೆ, ತಾಯಿ ಬಿಡಿಸಿದ ತುಣುಕು ತುರುಕುತ್ತಾಳೆ. ತಿಂದದ್ದು ಬಂಗಡೆಯೋ ಬದನೆಕಾಯಿಯೋ ಅವಳಿಗೆ ತಿಳಿಯದು. ಪಕ್ಕದಲ್ಲಿ ಕೂತ ಅಜ್ಜ ಇದ್ದಾನೋ ಎದ್ದು ಹೋದನೋ, ಅದೂ ತಿಳಿಯದು. ನನಗೆ ಸಂಕಟವಾಗುತ್ತದೆ. ಒಂದೇ ಒಂದು ಊಟ ಇವಳು ನನ್ನ ಜೊತೆ ಉಣ್ಣಲಿ, ಮುಂದೆ ನನ್ನ ಮುಖವಾದರೂ ನೆನಪಿರಲಿ ಎಂಬ ಆಸೆ.

ಮಧ್ಯಾಹ್ನ ಧೈರ್ಯ ಮಾಡಿ ಮೊಬೈಲು ತೆಗೆದು ಕಪಾಟಿನ ಮೇಲಿಟ್ಟೆ. “ಬೇಡ ಅಪ್ಪಾ, ಹಟ ಮಾಡ್ತದೆ,” ಎಂದಳು ಮಗಳು. ಹಟ ಆಯಿತು, ಅಳುವೂ ಆಯಿತು. ಅಳು ಇಳಿದ ಮೇಲೆ ದೊಡ್ಡಮ್ಮನ ಮಾತನ್ನು ಅವಳದೇ ಗಡಸು ಸ್ವರದಲ್ಲಿ ಹೇಳಿ ತೋರಿಸಿದೆ. ಪುಟ್ಟಿಗೆ ನಗು ಬಂತು. ಬಂಗಡೆಯ ನಡುಮುಳ್ಳನ್ನು ಒಂದು ತುದಿಯಲ್ಲಿ ಹಿಡಿದು ಮೆಲ್ಲಗೆ ಎತ್ತಲು ಕಲಿಸಿದೆ. ಅದು ಬಾಚಣಿಗೆಯ ಹಾಗೆ ಇಡಿಯಾಗಿ ಬಂತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ ತಟ್ಟೆಯಂಚಿಗೆ ಇಟ್ಟಳು. ಆಮೇಲೆ ಸಣ್ಣ ಮುಳ್ಳುಗಳ ಬೇಟೆ. ಕೂದಲು ಕಣ್ಣಿಗೆ ಬಿದ್ದರೂ ಸರಿಸಲಿಲ್ಲ, ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲಿ ಕರೆಂಟು ಹೋಗಿಬಿಡುತ್ತದೋ ಎಂಬ, ದೊಡ್ಡಮ್ಮನ ಟೀವಿ ಮುಂದಿನ ಆ ಹಳೆಯ ಹೆದರಿಕೆಯಲ್ಲೇ ನಾನು ಉಣ್ಣುತ್ತ ಕೂತಿದ್ದೆ.

ಚುಚ್ಚಿತು ನೋಡಿ ಮುಳ್ಳು, ನನ್ನ ಗಂಟಲಲ್ಲಿ. ಮಗಳು ಓಡಿ ಬಂದು ಒಣ ಅನ್ನದ ಉಂಡೆ ನುಂಗಿಸಿದಳು. ಪುಟ್ಟಿ ತಟ್ಟೆಯಿಂದ ತಲೆ ಎತ್ತಿ, ಊಟಕ್ಕೆ ಕೂತ ಮೇಲೆ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದಳು.

“ಅಜ್ಜಾ, ಮೀನನ್ನೇ ನೋಡ್ಬೇಕು ಅಂತ ನೀನೇ ಹೇಳಿದ್ದಲ್ಲ? ನೀ ಎಂತ ನೋಡ್ತಿದ್ದೆ?”

ಬಾಯಿ ತುಂಬ ಅನ್ನ. ನಾನು ಅವಳ ಕಡೆ ಬೆರಳು ತೋರಿಸಿದೆ.